ಹತ್ತು ಗಂಟೆಯ ಹಾಜರಿ

ನಮ್ಮೂರಿನಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಯಾರೂ ಒಗ್ಗರಣೆ ಹಾಕುವುದಿಲ್ಲ. ಸಾಸಿವೆ ಸಿಡಿಯುವ ಸದ್ದಿನಲ್ಲಿ ಹೆಸರು ಕೇಳಿಸದೆ ಹೋದರೆ ಏನು ಗತಿ? ಆ ಹೊತ್ತಿಗೆ ಒಲೆ ಆರಿಸಿ, ನಲ್ಲಿ ನಿಲ್ಲಿಸಿ, ಅಳುವ ಮಗುವಿದ್ದರೆ ಅದರ ಬಾಯಿಗೊಂದು ಬೆಲ್ಲದ ಚೂರು ತುರುಕಿ ಹೆಂಗಸರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಕ್ಷೌರದವನು ಕತ್ತಿಯನ್ನು ಗಿರಾಕಿಯ ಗಲ್ಲದ ಮೇಲೆಯೇ ಹಿಡಿದು ಸುಮ್ಮನಾಗುತ್ತಾನೆ. ಬಸ್ಸು ಸೇತುವೆಗೆ ಮುಂಚಿನ ತಿರುವಿನಲ್ಲಿ ಇಂಜಿನ್ ಆರಿಸಿಕೊಂಡು ನಿಲ್ಲುತ್ತದೆ. ಡ್ರೈವರ್ ಪಾಸಾದವನೇ, ಆದರೆ ಕಂಡಕ್ಟರ್ ಪಾಸಾಗಿಲ್ಲ, ಸೇತುವೆ ದಾಟಿದರೆ ಅವನಿಗೆ ಕೇಳಿಸುವುದಿಲ್ಲ. ಆಮೇಲೆ ಶಾಲೆಯ ಕಡೆಯಿಂದ ಹಾಜರಿ ಕೂಗುವುದು ಶುರುವಾಗುತ್ತದೆ.

ದೊಡ್ಡ ಪರೀಕ್ಷೆ ಪಾಸಾಗದೆ ಶಾಲೆ ಬಿಟ್ಟವರ ಹೆಸರನ್ನೆಲ್ಲ ಅದು ಕೂಗುತ್ತದೆ. ಎಲ್ಲಿದ್ದರೆ ಅಲ್ಲಿಂದಲೇ, ಗಟ್ಟಿಯಾಗಿ, ‘ಹಾಜರ್’ ಅನ್ನಬೇಕು. ಪಿಸುಗುಟ್ಟಿದರೆ ಲೆಕ್ಕಕ್ಕಿಲ್ಲ. ಉತ್ತರ ಬರದಿದ್ದರೆ ಮೂರು ಸಲ ಕೂಗುತ್ತದೆ. ಮೂರಕ್ಕೂ ಬರದಿದ್ದರೆ ಹೆಸರು ಬಿತ್ತು ಅಂತ ಅರ್ಥ. ಬಿದ್ದ ಹೆಸರನ್ನು ಮತ್ತೆ ಎಂದೂ ಕರೆಯುವುದಿಲ್ಲ, ಪರೀಕ್ಷೆಗೂ ಕೂರಿಸುವುದಿಲ್ಲ. ಪಾಸಾದವರಿಗೆ ಇದೊಂದೂ ಕೇಳಿಸದು. ಶಾಲೆಯ ಮೆಟ್ಟಿಲನ್ನೇ ಹತ್ತದವರಿಗೂ ಕೇಳಿಸದು. ಅದು ಯಾರ ಗಂಟಲು ಅಂತ ನಾವು ತಲೆ ಕೆಡಿಸಿಕೊಂಡವರಲ್ಲ. ಕಫ ಕಟ್ಟಿದ, ಬೇಸರ ಹಿಡಿದ ಗಂಟಲು. ಮಳೆಗಾಲದಲ್ಲಿ ನಡುನಡುವೆ ಕೆಮ್ಮುತ್ತದೆ.

ಸತ್ತವರನ್ನೂ ಅದು ಬಿಡುವುದಿಲ್ಲ. ಸತ್ತ ಸುದ್ದಿ ಅದಕ್ಕೆ ತಲುಪಿಲ್ಲವೋ, ತಲುಪಿಯೂ ನಂಬಲಿಲ್ಲವೋ, ದಿನವೂ ಕರೆಯುತ್ತದೆ. ಅಂಥವರ ಪರವಾಗಿ ಮನೆಯವರು ಯಾರಾದರೂ, ಅಂದರೆ ಕಿವಿಗೆ ಕೇಳಿಸುವವರು, ‘ಹಾಜರ್’ ಅನ್ನುತ್ತಾರೆ. ಕೆಲವರು ವರ್ಷ ಕಳೆದ ಮೇಲೆ ಸಾಕಾಗಿ ಬಿಟ್ಟುಬಿಡುತ್ತಾರೆ. ಅವರನ್ನು ಯಾರೂ ಬೈಯುವುದಿಲ್ಲ. ಆದರೆ ಆ ದಿನದ ಮೂರನೇ ಕೂಗು ಇದೆಯಲ್ಲ, ಅದನ್ನು ಊರಿನಲ್ಲಿ ಪಾಸಾಗದವರೆಲ್ಲ ಕೇಳಿಸಿಕೊಳ್ಳಲೇಬೇಕು. ಮೂರನೇ ಸಲಕ್ಕೆ ಆ ಗಂಟಲು ಇಳಿದುಬಿಡುತ್ತದೆ. ಅದನ್ನು ಕೇಳಿದ ದಿನ ನಮ್ಮಂಥವರ ಮನೆಯಲ್ಲಿ ಅನ್ನ ಹಾಗೇ ಉಳಿಯುತ್ತದೆ.

ನನ್ನ ಹೆಸರು ಸರ್ವಮಂಗಳ. ಬಾಯಿ ಜಾಸ್ತಿ ಅಂತ ಊರೆಲ್ಲ ಹೇಳುತ್ತದೆ, ಸುಳ್ಳೇನಲ್ಲ. ಹಾಜರಿಯಲ್ಲಿ ನನ್ನ ಹೆಸರಾದ ಮೇಲೆ ಬರುವುದು ಸುಗಂಧಿ. ಸುಗಂಧಿ ನನ್ನ ತಂಗಿ. ನಾನೊಂದು ವರ್ಷ ಫೇಲಾಗಿ ಅವಳ ಕ್ಲಾಸಿಗೇ ಬಂದು ಬಿದ್ದೆ, ಒಂದೇ ಬೆಂಚಿನಲ್ಲಿ ಕೂತೆವು. ದೊಡ್ಡ ಪರೀಕ್ಷೆಯ ತಿಂಗಳಲ್ಲಿ ಅವಳ ಕಣ್ಣು ಹಳದಿಯಾಯಿತು. ಸೊಪ್ಪು ಅರೆದು ಕುಡಿಸಿದೆವು, ಮಂತ್ರ ಹಾಕಿಸಿದೆವು, ಆಸ್ಪತ್ರೆಗೆ ಹೊರಡುವ ಹೊತ್ತಿಗೆ ತಡವಾಗಿತ್ತು. ಆ ವರ್ಷ ಅವಳೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ನಾನು ಎರಡು ಸಲ ‘ಹಾಜರ್’ ಅನ್ನುತ್ತಾ ಬಂದೆ. ಒಮ್ಮೆ ನನಗೆ, ಒಮ್ಮೆ ಅವಳಿಗೆ.

ಅಮ್ಮ ಶಾಲೆಯನ್ನೇ ಕಂಡವಳಲ್ಲ, ಅವಳಿಗೆ ಏನೂ ಕೇಳಿಸದು. ಹತ್ತಾಗುತ್ತಲೇ ನನ್ನ ಹೊಲಿಗೆ ಮಿಷನ್ನಿನ ಪಕ್ಕ ಬಂದು ಕೂತು ನನ್ನ ಬಾಯನ್ನೇ ನೋಡುತ್ತಾಳೆ. ನಾನು ಎರಡನೇ ಸಲ ‘ಹಾಜರ್’ ಅಂದ ಕೂಡಲೇ ಕೇಳುತ್ತಾಳೆ.

“ಹೆಂಗೆ ಕರೀತು ಇವತ್ತು?”

“ಚೆನ್ನಾಗೇ ಕರೀತು ಕಣಮ್ಮ.”

ಅಷ್ಟು ಸಾಕು ಅವಳಿಗೆ. ಎದ್ದು ಹೋಗಿ ಒಗ್ಗರಣೆ ಹಾಕುತ್ತಾಳೆ. ಗಂಟಲು ಕೆಮ್ಮಿರಲಿ, ಅವಸರದಲ್ಲಿ ಅರ್ಧ ಹೆಸರು ನುಂಗಿರಲಿ, ನಾನು ಹೇಳುವುದು ಅದೊಂದೇ ಮಾತು.

ಇಷ್ಟು ವಯಸ್ಸಾದ ಮೇಲೆ ನಿನಗ್ಯಾಕೆ ಪರೀಕ್ಷೆ ಅಂತ ಕೇಳದವರಿಲ್ಲ. ಸೇತುವೆಯ ಆಚೆ ವಿಶ್ವವಿದ್ಯಾಲಯವಿದೆ. ಅಲ್ಲಿನ ಘಟಿಕೋತ್ಸವಕ್ಕೆ ಬೇಕಾದ ಕರಿ ಗೌನುಗಳನ್ನು ಪ್ರತಿ ವರ್ಷ ಹೊಲಿದುಕೊಡುವವಳು ನಾನು. ಗೌನು ಹೊಲಿದ ಮೇಲೆ ಅಳತೆ ನೋಡಬೇಕಲ್ಲ, ತೊಟ್ಟುಕೊಂಡು ಕನ್ನಡಿ ಮುಂದೆ ನಿಲ್ಲುತ್ತಿದ್ದೆ. ಮೊದಮೊದಲು ಅಳತೆಗೆಂದೇ ನಿಲ್ಲುತ್ತಿದ್ದೆ. ಆಮೇಲೆ ಅಳತೆ ಸರಿಯಿದೆ ಅಂತ ಗೊತ್ತಿದ್ದೂ ನಿಲ್ಲುತ್ತಿದ್ದೆ. ಒಂದು ದಿನ ಅಮ್ಮ ಬಾಗಿಲಲ್ಲಿ ನಿಂತು ನೋಡಿ, “ನಿನಗೇ ಹೊಲಿದಂಗೈತೆ” ಅಂದಳು. ನನಗೆ ಅಳು ಬಂತು. ಊರವರ ಮೈಗೆಲ್ಲ ಹೊಲಿದೆ, ನನ್ನ ಮೈಗೆ ಯಾವಾಗ? ದೊಡ್ಡ ಪರೀಕ್ಷೆ ಪಾಸಾದವರಿಗೆ ವಯಸ್ಸು ಕೇಳದೆ ಒಳಗೆ ಬಿಡುತ್ತಾರೆ ಅಂತ ಗೌನು ಒಯ್ಯಲು ಬರುತ್ತಿದ್ದ ಗುಮಾಸ್ತನೇ ಹೇಳಿದ್ದ. ಆ ವಾರವೇ ಪರೀಕ್ಷೆಗೆ ಕಟ್ಟಿದೆ.

ಉಳಿದ ವಿಷಯಗಳೆಲ್ಲ ಒಂದೇ ಏಟಿಗೆ ಪಾಸಾದವು. ಅವುಗಳ ಪರೀಕ್ಷೆ ಮಧ್ಯಾಹ್ನ. ಲೆಕ್ಕ ಒಂದೇ ಬೆಳಿಗ್ಗೆ. ಒಂಬತ್ತೂವರೆಗೆ ಗಂಟೆ ಹೊಡೆಯುತ್ತದೆ, ಅದಾದ ಮೇಲೆ ಪರೀಕ್ಷೆಯ ಹಾಲಿನಲ್ಲಿ ಯಾರು ಬಾಯಿ ಬಿಟ್ಟರೂ ಪೇಪರು ಕಿತ್ತುಕೊಂಡು ಹೊರಗೆ ಕಳಿಸುತ್ತಾರೆ. ಶಾಲೆಯೊಳಗೆ ಕೂತವರ ಹೆಸರನ್ನು ಹಾಜರಿ ಕರೆಯುವುದಿಲ್ಲ, ಎದುರಿಗೇ ಇದ್ದಾರಲ್ಲ. ಆದರೆ ಸುಗಂಧಿಯನ್ನು ಕರೆಯುತ್ತದೆ. ಮೊದಲನೇ ವರ್ಷ ಹತ್ತು ಗಂಟೆಗೆ ತಂಗಿಯ ಹೆಸರು ಕೇಳಿದ್ದೇ ತಡ, ಬರೆಯುತ್ತ ಬರೆಯುತ್ತ ತಲೆ ಎತ್ತದೆ “ಹಾಜರ್!” ಅಂದುಬಿಟ್ಟೆ. ಅಭ್ಯಾಸ ಬಲ. ಕಾವಲಿಗಿದ್ದ ಅನಂತಯ್ಯ ಮೇಷ್ಟ್ರು ಪಾಸಾದವರು, ಅವರಿಗೆ ಕೇಳಿಸಿದ್ದು ನನ್ನ ಕೂಗು ಮಾತ್ರ.

“ಏನಮ್ಮ ಇದು? ನಿಯಮ ಗೊತ್ತಿಲ್ವ?”

“ನಮ್ಮ ತಂಗಿ ಸಾರ್...”

“ತಂಗಿಯೂ ಇಲ್ಲ, ತಮ್ಮನೂ ಇಲ್ಲ. ಏಳಿ ಮೇಲೆ.”

ಎರಡನೇ ವರ್ಷ ಕರವಸ್ತ್ರ ಕಚ್ಚಿಕೊಂಡು ಕೂತೆ. ಮೊದಲನೇ ಕೂಗಿಗೆ ತಡೆದೆ, ಎರಡನೆಯದಕ್ಕೂ ತಡೆದೆ. ಮೂರನೆಯದು ಆ ಇಳಿದ ಗಂಟಲಲ್ಲಿ ಶುರುವಾಗುತ್ತಲೇ ಕರವಸ್ತ್ರ ಉಗುಳಿ ಎದ್ದು ನಿಂತು ಕೂಗಿದೆ. ಅನಂತಯ್ಯ ಮೇಷ್ಟ್ರು ಕರವಸ್ತ್ರದಲ್ಲಿ ಚೀಟಿ ಇದೆ ಅಂತ ಬಿಡಿಸಿ ಬಿಡಿಸಿ ನೋಡಿದರು. ಎಂಜಲು ಕೈಗೆ ಹತ್ತಿದ್ದೊಂದೇ ಅವರಿಗೆ ಆದ ಲಾಭ. ಮನೆಗೆ ಬಂದು ನಗುತ್ತಾ ಇದನ್ನು ಹೇಳಿದೆ. ಅಮ್ಮ ನಗಲಿಲ್ಲ.

ಪರೀಕ್ಷೆಯ ದಿನ ಒಂದು ಹೊತ್ತು ನನ್ನ ಬದಲಿಗೆ ಸುಗಂಧಿಗೆ ‘ಹಾಜರ್’ ಅಂದುಬಿಡಿ ಅಂತ ಪಾಸಾಗದವರನ್ನೆಲ್ಲ ಕೇಳಿಯಾಗಿತ್ತು. ಆದರೆ ಬೇರೆ ಮನೆಯ ಸತ್ತವರಿಗೆ ಹಾಜರಿ ಹೇಳಿದವರು ಜನ್ಮದಲ್ಲಿ ಪಾಸಾಗುವುದಿಲ್ಲ ಅಂತ ನಮ್ಮೂರಿನಲ್ಲೊಂದು ನಂಬಿಕೆ. ಪಕ್ಕದ ಮನೆಯ ಚೌಡಮ್ಮನಂತೂ ಕೈ ಮುಗಿದೇಬಿಟ್ಟಳು. “ಅವ್ವಾ ತಾಯಿ, ನಮ್ಮನೆ ಸತ್ತೋರಿಗೆ ಹೇಳೋಷ್ಟರಲ್ಲೇ ಗಂಟಲು ಬಿದ್ದೋಗ್ತದೆ. ಇನ್ನೊಬ್ಬರ ಮನೆ ಹೆಣ ಹೊತ್ಕೊಂಡು ಉದ್ಧಾರ ಆದೋರು ಎಲ್ಲಾದ್ರೂ ಅವರಾ?” ಅಂದಳು. ಅವಳು ದೊಡ್ಡ ಪರೀಕ್ಷೆ ಬರೆಯುವ ಹೆಂಗಸೇ ಅಲ್ಲ. ಆದರೂ ಪಾಸಾಗದೆ ಹೋದರೆ ಅಂತ ಭಯ!

ಮೂರನೇ ವರ್ಷ ನನ್ನ ಜೊತೆಗೆ ಪರೀಕ್ಷೆಗೆ ಕಟ್ಟಿದವನು ರುದ್ರಮುನಿ. ನಮ್ಮ ಬೀದಿಯ ತುದಿಯಲ್ಲಿ ಹಿಟ್ಟಿನ ಗಿರಣಿ ಅವನದು. ನಮ್ಮ ಕ್ಲಾಸಿನವನೇ. ಅವನಪ್ಪನ ಕೈ ಗಿರಣಿಯ ಬೆಲ್ಟಿಗೆ ಸಿಕ್ಕ ದಿನ ಶಾಲೆ ಬಿಟ್ಟು ಗಿರಣಿಗೆ ನಿಂತವನು, ಮತ್ತೆ ಹೊರಗೆ ಬಂದಿರಲಿಲ್ಲ. ತಲೆಯಿಂದ ಕಾಲಿನವರೆಗೆ ಹಿಟ್ಟು, ಹುಬ್ಬು ಸಹ ಬಿಳಿ. ಹತ್ತಾಗುತ್ತಲೇ ಗಿರಣಿ ನಿಲ್ಲಿಸುತ್ತಾನೆ, ತನ್ನ ಹೆಸರಿಗೆ ‘ಹಾಜರ್’ ಅನ್ನುತ್ತಾನೆ, ಹಾಜರಿ ಪೂರ್ತಿ ಮುಗಿದ ಮೇಲೆ ಮತ್ತೆ ಶುರು ಮಾಡುತ್ತಾನೆ. ಬೀದಿಯವರು ಅದನ್ನು ಕೇಳಿಯೇ ಗಡಿಯಾರ ಸರಿಮಾಡಿಕೊಳ್ಳುತ್ತಾರೆ.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಗಿರಣಿಯಲ್ಲೇ ಕೂತು ಓದಿದೆವು. ಅಲ್ಲಿ ಎಲ್ಲದರ ಮೇಲೂ ಹಿಟ್ಟು ಕೂತಿರುತ್ತದಲ್ಲ, ಹಲಗೆಯ ಮೇಲಿನ ಹಿಟ್ಟಿನಲ್ಲಿ ಬೆರಳಾಡಿಸಿ ಅವನು ಲೆಕ್ಕ ಬಿಡಿಸುತ್ತಿದ್ದ. ತಪ್ಪಾದರೆ ಅಂಗೈಯಿಂದ ಒರೆಸಿದರಾಯಿತು. ನನಗೆ ಅಪವರ್ತನ ಅಂದರೆ ಎದೆ ಢವಢವ.

“ಅಲ್ಲಾ ಕಣೆ ಸರ್ವಿ, ಬಟ್ಟೆ ಕತ್ತರಿಸ್ತೀಯ. ಒಂದು ಸೀರೆಲಿ ಎರಡು ರವಿಕೆ ಹೆಂಗೆ ಹೊಂದಿಸ್ತೀಯ? ಇದೂ ಹಂಗೇ. ಎರಡು ತುಂಡು ಮಾಡು, ವಾಪಸ್ ಸೇರಿಸಿದ್ರೆ ಅದೇ ಸೀರೆ ಬರಬೇಕು.”

“ಬರಲಿಲ್ಲ ಅಂದ್ರೆ?”

“ಕತ್ತರಿಸಿದ್ದು ತಪ್ಪು ಅಂತ. ಗಿರಾಕಿ ಬಂದು ಬೈಯೋದಕ್ಕೆ ಮುಂಚೆ ಒರೆಸು.”

ನಾವಿಬ್ಬರೂ ಪಾಸಾದರೆ ಒಂದೇ ಬಸ್ಸಿನಲ್ಲಿ ಸೇತುವೆ ದಾಟುವುದು ಅಂತ ಮಾತಾಗಿತ್ತು. ಅವನಿಗೆ ಮಣ್ಣಿನ ಬಗ್ಗೆ ಓದುವ ಆಸೆ. ಜನ ತರುವ ರಾಗಿಯನ್ನು ಅಂಗೈಲಿ ಹಿಡಿದರೆ ಯಾವ ಹೊಲದ್ದು ಅಂತ ಗೊತ್ತಾಗುತ್ತದಂತೆ, ಯಾಕೆ ಗೊತ್ತಾಗುತ್ತದೆ ಅಂತ ತಿಳಿಯಬೇಕಂತೆ. ಜಂಬ ಕೊಚ್ಚಬೇಡ ಅಂತ ರೇಗಿಸಿದೆ. ಮಣ್ಣಿನ ಮಾತಾಡುವಾಗ ಅವನ ಮುಖ ಶಾಲೆಗೆ ಬರುತ್ತಿದ್ದ ದಿನಗಳ ಹಾಗಿತ್ತು. ಪರೀಕ್ಷೆಯ ದಿನ ನೀನು ಹಾಜರಿ ಹೇಳು ಅಂತ ಅವನನ್ನು ಕೇಳುವ ಹಾಗೂ ಇರಲಿಲ್ಲ. ಅವನೂ ಅದೇ ಹಾಲಿನಲ್ಲಿ ಕೂರುವವನು.

ಪರೀಕ್ಷೆಯ ಹಿಂದಿನ ದಿನ ಸಂಜೆ ಅಮ್ಮ ಅಕ್ಕಿ ಆರಿಸುತ್ತಾ ಕೂತಿದ್ದಳು. ಮೊರದಿಂದ ಕಣ್ಣೆತ್ತದೆ ಹೇಳಿದಳು.

“ನಾಳೆ ಅವಳಿಗೆ ಹೇಳಬೇಡ.”

“ಏನಮ್ಮ?”

“ಹಾಜರ್ ಅನ್ನಬೇಡ. ಬಾಯಿ ಮುಚ್ಕೊಂಡು ಬರೀ. ಇಷ್ಟು ವರ್ಷ ಕರೀತು, ಬಂದಳಾ? ಇರೋಳೊಬ್ಬಳಾದ್ರೂ ಮುಂದಕ್ಕೆ ಹೋಗ್ಲಿ.”

“ಹೆಸರು ಬಿದ್ದೋಗ್ತದಮ್ಮ.”

“ಪಾಸಾದ್ರೂ ಬೀಳ್ತದಲ್ಲ. ಆಮೇಲೆ ನಿನಗೆಲ್ಲಿ ಕೇಳಿಸ್ತದೆ? ನಾಳೆ ಹೋಗೋದೂ ಅಷ್ಟೇ, ನಾಳಿದ್ದು ಹೋಗೋದೂ ಅಷ್ಟೇ.” ಒಂದು ಕಲ್ಲು ಸಿಕ್ಕಿತು, ಹೊರಗೆಸೆದಳು. “ಆದ್ರೆ ಮನೆಗೆ ಬಂದು ನನಗೆ ಹೇಳಬೇಡ. ಬಿತ್ತು ಅಂತ ನಿನ್ನ ಬಾಯಲ್ಲಿ ನಾನು ಕೇಳಲಾರೆ.”

ಅಮ್ಮ ಹೇಳಿದ್ದು ಸರಿಯೇ ಇತ್ತು, ಅದಕ್ಕೇ ಸಿಟ್ಟು ಬಂತು.

ಮಾರನೇ ದಿನ ಹಾಲಿನಲ್ಲಿ ರುದ್ರಮುನಿ ನನಗಿಂತ ಎರಡು ಬೆಂಚು ಮುಂದೆ ಕೂತಿದ್ದ. ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು ಬಂದಿದ್ದ, ಆದರೂ ಕಿವಿಯ ಹಿಂದೆ ಹಿಟ್ಟು ಉಳಿದಿತ್ತು. ಗಂಟೆ ಹೊಡೆಯಿತು. ಮೊದಲ ಪ್ರಶ್ನೆಗಳು ಸುಲಭವಿದ್ದವು. ಹತ್ತಾಗುತ್ತಲೇ ವಯಸ್ಸಾದವರ ಪೆನ್ನುಗಳೆಲ್ಲ ಒಟ್ಟಿಗೆ ನಿಂತವು. ಇನ್ನೂ ಶಾಲೆ ಬಿಡದ ಹುಡುಗ ಹುಡುಗಿಯರು ಏನೂ ಕೇಳಿಸದೆ ಬರೆಯುತ್ತಲೇ ಇದ್ದರು. ಹೆಸರುಗಳು ಒಂದೊಂದಾಗಿ ದಾಟಿಹೋದವು, ಬೀದಿಗಳಿಂದ ‘ಹಾಜರ್’ ‘ಹಾಜರ್’ ಅನ್ನುವುದು ಕಿಟಕಿಯಲ್ಲಿ ಕೇಳಿಸುತ್ತಿತ್ತು. ನನ್ನ ಹೆಸರು ಕರೆಯಲಿಲ್ಲ.

“ಸುಗಂಧಿ.”

ನಾಲಿಗೆಯನ್ನು ಹಲ್ಲಿನಲ್ಲಿ ಒತ್ತಿ ಹಿಡಿದೆ. ನನ್ನ ಮುಂದೆ ಅಪವರ್ತನದ ಪ್ರಶ್ನೆ ಇತ್ತು.

“ಸುಗಂಧಿ.”

ಒಂದೇ ಬೆಂಚಿನಲ್ಲಿ ಕೂತಿದ್ದಾಗ ನನ್ನ ಹಾಜರಿಗೂ ತಾನೇ ಹೇಳಿ ಮೇಷ್ಟ್ರ ಕೈಲಿ ಏಟು ತಿಂದವಳು ಅವಳು. ನಾನು ಆಗ ಹುಣಿಸೆಕಾಯಿ ಕೀಳಲು ಹೋಗಿದ್ದೆ. ಇದೆಲ್ಲ ನೆನಪಾಗಬೇಕೇ, ಅದೂ ಆಗಲೇ! ಕಣ್ಣು ತುಂಬಿ ಅಂಕಿಗಳು ಕಾಣದಾದವು. ಕ್ಷಮಿಸೇ ಅಂದೆ, ಮನಸ್ಸಿನಲ್ಲಿ. ಹಾಜರಿಯ ಗಂಟಲು ಮೂರನೇ ಸಲಕ್ಕೆ ಇಳಿಯಲು ಶುರುಮಾಡಿತು.

“ಹಾಜರ್!”

ಎದ್ದು ನಿಂತಿದ್ದವನು ರುದ್ರಮುನಿ. ಸಣ್ಣದಾಗಿ ಹೇಳಿದ್ದಲ್ಲ, ಗಿರಣಿಯ ಸದ್ದಿನಲ್ಲಿ ಮಾತಾಡಿ ಬೆಳೆದ ಗಂಟಲು ಅವನದು, ಹಾಲಿನ ಹೆಂಚು ನಡುಗಿತು. ಹೊರಗೆ ಹಾಜರಿ ಮುಂದಿನ ಹೆಸರಿಗೆ ಹೋಯಿತು.

ಅನಂತಯ್ಯ ಮೇಷ್ಟ್ರು ನನ್ನ ಕಡೆಗೇ ಓಡಿ ಬರುತ್ತಿದ್ದರು. ಅಭ್ಯಾಸವಾಗಿತ್ತಲ್ಲ ಅವರಿಗೂ. ಅರ್ಧದಲ್ಲಿ ನಿಂತು ಅವನತ್ತ ತಿರುಗಿದರು.

“ಈ ಸಲ ನೀನೇನಯ್ಯ? ಊರೋರೆಲ್ಲ ವರ್ಷಕ್ಕೊಬ್ಬರಂತೆ ಪಾಳಿ ಹಾಕ್ಕೊಂಡಿದೀರಾ?”

ಅವರು ಕೇಳುವುದಕ್ಕೆ ಮುಂಚೆಯೇ ಅವನು ಪೇಪರು ಅವರ ಕೈಗಿಟ್ಟು ನಡೆದ. ನನ್ನ ಬೆಂಚಿನ ಪಕ್ಕದಲ್ಲೇ ಹಾದುಹೋದರೂ ನನ್ನನ್ನು ನೋಡಲಿಲ್ಲ. ನಾನೂ ತಲೆ ಎತ್ತಲಿಲ್ಲ. ಏಳಬೇಕಿತ್ತು, ಹೇಳಿದ್ದು ನನಗೋಸ್ಕರ ಸಾರ್ ಅನ್ನಬೇಕಿತ್ತು ಅಂತ ಈಗ ಅನ್ನಿಸುತ್ತದೆ. ಆಗ ಸೀರೆಯನ್ನು ಎರಡು ತುಂಡು ಮಾಡಿದೆ, ವಾಪಸ್ ಸೇರಿಸಿ ನೋಡಿದೆ. ಅದೇ ಸೀರೆ ಬಂತು.

ಸಂಜೆ ಗಿರಣಿಗೆ ಹೋದೆ. ಅವನು ಯಾರದೋ ಗೋಧಿ ಬೀಸುತ್ತಿದ್ದ.

“ಯಾಕೋ ಹಂಗೆ ಮಾಡ್ದೆ, ಮುಂಡೇದೆ?” ಅಂತ ಬೈದೆ.

“ಮೂರನೇ ಕೂಗು ಕೇಳಕ್ಕಾಗಲಿಲ್ಲ ಕಣೆ,” ಅಂದ. “ದಿನಾ ನನ್ನ ಹೆಸರಾದ ಮೇಲೆ ನಿಂದು, ಆಮೇಲೆ ಅವಳದು. ಇಷ್ಟು ವರ್ಷ ಕೇಳಿದ್ದು. ಇವತ್ತು ಹಂಗೆ ಇಳಿದೋಗಿಬಿಡ್ತದೆ ಅಂದ್ರೆ...” ಗೋಧಿಯನ್ನು ಮುಂದಕ್ಕೆ ತಳ್ಳಿದ. “ಮುಂದಿನ ವರ್ಷ ಬರೀತೀನಿ ಬಿಡು.”

ಅವನಿಗೆ ಸುಗಂಧಿಯ ಮೇಲೆ ಮನಸ್ಸಿತ್ತು ಅಂತ ಚೌಡಮ್ಮ ಊರು ತುಂಬ ಹೇಳಿಕೊಂಡು ಬಂದಳು. ಇತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಲೆಕ್ಕದಲ್ಲಿ ನನಗೆ ಮೂವತ್ತೆಂಟು ಅಂಕ ಬಂತು, ಪಾಸಾದೆ. ಫಲಿತಾಂಶ ಹಚ್ಚಿದ ಸಂಜೆ ಅಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು. ರುದ್ರಮುನಿಯೂ ಬಾಗಿಲಿಗೆ ಬಂದು, ಅಂಗೈ ಒಡ್ಡಿ ಸಕ್ಕರೆ ಇಸಕೊಂಡು ಬಾಯಿಗೆ ಹಾಕಿಕೊಂಡು, “ನಾಳೆಯಿಂದ ನಾನು ಹೇಳ್ತೀನಿ” ಅಂತಷ್ಟೇ ಹೇಳಿ ಹೋದ.

ಮರುದಿನ ಹತ್ತು ಗಂಟೆಗೆ ಮಿಷನ್ ನಿಲ್ಲಿಸಿ ಕೂತೆ. ಅಮ್ಮ ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತಳು. ಏನೂ ಕೇಳಿಸಲಿಲ್ಲ. ಒಂದು ಕಾಗೆ ಕೂಗಿತು, ಆಚೆ ಮನೆಯಲ್ಲಿ ಚೌಡಮ್ಮ ಸುಮ್ಮಸುಮ್ಮನೆ ಗೋಡೆ ನೋಡಿಕೊಂಡು “ಹಾಜರ್” ಅಂದಳು. ಪಾಸಾದವರ ಕಣ್ಣಿಗೆ ನಾವು ಇಷ್ಟು ದಿನ ಹೀಗೆ ಕಾಣುತ್ತಿದ್ದೆವೇ ಅನ್ನಿಸಿತು. ನನ್ನ ಹೆಸರು ಇಲ್ಲ, ಸರಿ, ಅದಕ್ಕೇ ಅಲ್ಲವೇ ಬರೆದದ್ದು. ಅವಳ ಹೆಸರೂ ಇಲ್ಲ. ಇಷ್ಟು ಖಾಲಿ ಇರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಅಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು.

“ಅಮ್ಮ, ನನಗೆ...”

“ಸುಮ್ಕಿರು,” ಅಂದಳು. “ಗಿರಣಿ ನಿಂತೈತೆ.”

ಹೌದು, ನಿಂತಿತ್ತು. ಅಮ್ಮನಿಗೂ ಕೇಳಿಸುವುದು ಅದೊಂದೇ. ಬೀದಿಯ ತುದಿಯಿಂದ ಅವನ ದೊಡ್ಡ ಗಂಟಲಿನ ‘ಹಾಜರ್’ ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು. ಅಮ್ಮ ಎದ್ದು ಹೋಗಿ ಒಲೆ ಹಚ್ಚಿದಳು.

ಈಗ ನಾನು ಹತ್ತಕ್ಕೆ ಮುಂಚೆಯೇ ಸೇತುವೆ ದಾಟಿರುತ್ತೇನೆ. ವಿಶ್ವವಿದ್ಯಾಲಯದಲ್ಲಿ ಮೊದಲ ಕ್ಲಾಸು ಆ ಹೊತ್ತಿಗೇ. ಮಕ್ಕಳ ವಯಸ್ಸಿನವರ ನಡುವೆ ಕೂತಿರುತ್ತೇನೆ, ಮೇಡಂ ಹಾಜರಿ ಕರೆಯುತ್ತಾರೆ. ನನ್ನ ಹೆಸರಿಗೆ ‘ಹಾಜರ್’ ಅಂದರೆ ಹುಡುಗಿಯರು ಕಿಸಕ್ಕನೆ ನಗುತ್ತಾರೆ, ಅಲ್ಲಿ ಎಲ್ಲರೂ ‘ಎಸ್ ಮೇಡಂ’ ಅನ್ನುವವರು. ನಗಲಿ. ನನ್ನದಾದ ಮೇಲೆ ಸುಹಾಸ ಅನ್ನುವ ಹುಡುಗನ ಹೆಸರು ಬರುತ್ತದೆ. ‘ಸು’ ಅನ್ನುತ್ತಲೇ ನನ್ನ ಬಾಯಿ ತೆರೆದುಕೊಳ್ಳುತ್ತದೆ, ಮುಚ್ಚಿಕೊಳ್ಳುತ್ತೇನೆ. ಓದು ಹಿಡಿಸಿದೆ, ಸುಳ್ಳು ಹೇಳಬಾರದು. ಸಂಜೆ ಮನೆಗೆ ಬಂದರೆ ಅಮ್ಮ ಚಪ್ಪಲಿ ಬಿಡುವುದಕ್ಕೂ ಬಿಡದೆ ವರದಿ ಒಪ್ಪಿಸುತ್ತಾಳೆ. “ಇವತ್ತೂ ಎರಡು ಸಲ ಅಂದ ಕಣೆ.” ಕೇಳುವವಳು ಈಗ ನಾನು.

ಮೊನ್ನೆ ರಾಗಿ ಡಬ್ಬ ಹೊತ್ತುಕೊಂಡು ಗಿರಣಿಗೆ ಹೋಗಿದ್ದೆ. ದೊಡ್ಡ ಪರೀಕ್ಷೆಗೆ ಕಟ್ಟಲು ನಾಳೆ ಕೊನೆಯ ದಿನ ಅಂತ ಶಾಲೆಯ ಗೋಡೆಗೆ ಬರೆದದ್ದನ್ನು ದಾರಿಯಲ್ಲಿ ನೋಡಿಕೊಂಡೇ ಬಂದಿದ್ದೆ. ಅವನು ನನ್ನ ರಾಗಿಯನ್ನು ಅಂಗೈಗೆ ಸುರಿದುಕೊಂಡು ನೋಡಿದ.

“ಕೆರೆ ಹಿಂದಿನ ಹೊಲದ್ದು,” ಅಂದ.

“ಕಟ್ಟಿದೆಯಾ ಪರೀಕ್ಷೆಗೆ?” ಅಂತ ಕೇಳಿದೆ.

“ಎಲ್ಲಿ ಸರ್ವಿ. ಲೆಕ್ಕ ನನ್ನ ತಲೆಗೆ ಹತ್ತಲ್ಲ.”

ಹಲಗೆಯ ಮೇಲೆ ಹಿಟ್ಟು ಕೂತಿತ್ತು, ಯಾರೂ ಬೆರಳಾಡಿಸಿರಲಿಲ್ಲ. ನನಗೆ ಲೆಕ್ಕ ಕಲಿಸಿದವನು ನೀನು ಅನ್ನಬೇಕಿತ್ತು. ಏಳೋ, ಈಗಲೇ ಹೋಗಿ ಕಟ್ಟಿ ಬರೋಣ ಅನ್ನಬೇಕಿತ್ತು. ನನ್ನ ಬಾಯಿ ಎಂಥದ್ದು ಅಂತ ಊರಿಗೇ ಗೊತ್ತು, ಎರಡು ಬೈಗುಳ ಬೈದಿದ್ದರೂ ಅವನು ಎದ್ದು ಬರುತ್ತಿದ್ದ. ಆದರೆ ಅವನು ಪಾಸಾದರೆ ಆಮೇಲೆ ಸುಗಂಧಿಗೆ ಯಾರು? ಅವನ ಮುಖ ನೋಡಲು ನಾಚಿಕೆಯಾಯಿತು. ಬಾಯಿ ತೆರೆದೆ.

“ಇವತ್ತು ಹೆಂಗೆ ಕರೀತೋ?” ಅಂದೆ.

ಅವನು ರಾಗಿಯನ್ನು ಗಿರಣಿಯ ಬಾಯಿಗೆ ಸುರಿದ.

“ಚೆನ್ನಾಗೇ ಕರೀತು.”

ನಾನು ಹಿಟ್ಟು ಬೀಳುವುದನ್ನು ನೋಡುತ್ತಾ ನಿಂತೆ. ತುಂಬಿದ ಮೇಲೆ ಬಿಸಿ ಡಬ್ಬವನ್ನು ಸೊಂಟಕ್ಕಿಟ್ಟುಕೊಂಡು ಮನೆಗೆ ಬಂದೆ.